ಆಳಸಮುದ್ರದ ಹಕ್ಕಿವೀಕ್ಷಣೆ

ಬೆಳಗಿನ ಜಾವ ಬಂದರಿನಲ್ಲಿ ಬೋಟು ಹತ್ತಿ, ದಡ ಕಣ್ಮರೆಯಾಗುವಷ್ಟು ಒಳಗೆ ಹೋಗಿ, ಭೂಮಿಯ ಮೇಲೆ ಗೂಡಿಗಲ್ಲದೆ ಮತ್ತೆ ಯಾವುದಕ್ಕೂ ಇಳಿಯದ ಹಕ್ಕಿಗಳನ್ನು ನೋಡಿ, ಲೆಕ್ಕ ಬರೆದುಕೊಂಡು ಕತ್ತಲಾಗುವ ಮೊದಲು ಮರಳುವ ಒಂದು ದಿನದ ಯಾನ. ಅಮೆರಿಕದ ಮಾಂಟೆರೆ ಕೊಲ್ಲಿ, ದಕ್ಷಿಣ ಆಫ್ರಿಕದ ಕೇಪ್ ಟೌನ್, ನ್ಯೂಜಿಲೆಂಡಿನ ಕೈಕೋರಾಗಳಲ್ಲಿ ಇದು ಟಿಕೆಟ್ ಕೊಂಡು ಹೋಗುವ ಪ್ರವಾಸ. ಭಾರತದ ಪಶ್ಚಿಮ ಕರಾವಳಿಯಲ್ಲಿ ಇನ್ನೂ ಆ ಮಟ್ಟಕ್ಕೆ ಬಂದಿಲ್ಲ. ಕೇರಳದ ಉತ್ತರ ಭಾಗದಲ್ಲೂ ಕರ್ನಾಟಕದ ಮಂಗಳೂರು, ಮಲ್ಪೆಗಳ ಕಡೆಯಲ್ಲೂ ಹವ್ಯಾಸಿಗಳು ಹಣ ಕೂಡಿಸಿ ಮೀನುಗಾರಿಕೆಯ ಬೋಟೊಂದನ್ನು ದಿನದ ಬಾಡಿಗೆಗೆ ಹಿಡಿದು ಹೊರಡುತ್ತಾರೆ. ಈ ಬಗೆಯ ಯಾನಗಳು ನಿಯಮಿತವಾಗಿ ನಡೆಯತೊಡಗಿದ್ದು 21ನೆಯ ಶತಮಾನದಲ್ಲಿ. ಅಷ್ಟರಲ್ಲೇ ಅವು ನಮ್ಮ ಪಕ್ಷಿಶಾಸ್ತ್ರದ ಹಳೆಯ ನಂಬಿಕೆಯೊಂದನ್ನು ಬುಡಮೇಲು ಮಾಡಿವೆ: ಅರಬ್ಬಿ ಸಮುದ್ರದಲ್ಲಿ ಅಪರೂಪವಾಗಿದ್ದದ್ದು ಹಕ್ಕಿಗಳಲ್ಲ, ಹಕ್ಕಿ ನೋಡಲು ಹೊರಟ ಬೋಟುಗಳು.

ಹೈದರಾಬಾದಿನ ನಂಟು

ಹೈದರಾಬಾದಿಗೆ ಸಮುದ್ರವಿಲ್ಲ. ಹತ್ತಿರದ ಬಂಗಾಳ ಕೊಲ್ಲಿಯ ದಡಕ್ಕೇ ಮುನ್ನೂರು ಕಿಲೋಮೀಟರಿಗೆ ಮೇಲ್ಪಟ್ಟ ದಾರಿ. ನಿಜಾಮರ ಸಂಸ್ಥಾನಕ್ಕೂ ಕಡಲ ಬಾಗಿಲು ಇರಲಿಲ್ಲ. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಪೋರ್ಚುಗೀಸರಿಂದ ಗೋವೆಯನ್ನು ಪಡೆಯಲು ಯತ್ನಿಸಿದ್ದು ಒಂದು ಬಂದರಿನ ಆಸೆಯಿಂದ. ಸಾಲಿಂ ಅಲಿಯವರು 1931–32ರಲ್ಲಿ ನಡೆಸಿದ ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆಯಲ್ಲಿ ನಿಜವಾದ ಕಡಲಹಕ್ಕಿಗೆ ಜಾಗವಿರುವುದು ಸಾಧ್ಯವೇ ಇರಲಿಲ್ಲ. ಚಳಿಗಾಲದಲ್ಲಿ ನಗರದ ಕೆರೆಗಳಿಗೆ ಬರುವ ಕಂದುತಲೆಯ ಗಲ್‌ಗಳನ್ನೂ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ ಮೇಲೆ ಹಾರಾಡುವ ಮೀಸೆ ರೀವ(ಟರ್ನ್)ಗಳನ್ನೂ ಕಡಲಹಕ್ಕಿಗಳೆಂದು ಎಣಿಸುವವರಿದ್ದಾರೆ. ಅವು ಸಿಹಿನೀರಿನಲ್ಲೂ ಸಲೀಸಾಗಿ ಬದುಕುವಂಥವು. ಈ ಲೇಖನದ ವಿಷಯ ಅವಲ್ಲ.

ಹೀಗಿದ್ದೂ ಭಾರತದ ಕಡಲಹಕ್ಕಿಗಳ ವಿಚಾರ ಬಂದಾಗ ಈ ನಗರದ ಹೆಸರನ್ನು ಬಿಡುವಂತಿಲ್ಲ. ಕಾರಣ ಎರಡು.

ಮೊದಲನೆಯದು ಒಂದು ಪತ್ರಿಕೆ. ಇಲ್ಲಿ 1980ರಲ್ಲಿ ಆರಂಭವಾದ ಆಂಧ್ರಪ್ರದೇಶ ಪಕ್ಷಿವೀಕ್ಷಕರ ಸಂಘ (ಈಗಿನ ಡೆಕ್ಕನ್ ಬರ್ಡರ್ಸ್) ನಾಡಿನ ಹಳೆಯ ಹವ್ಯಾಸಿ ಸಂಘಗಳಲ್ಲೊಂದು. ಅದೇ ವಲಯದ ಆಶೀಶ್ ಪಿಟ್ಟಿ ಅವರ ಸಂಪಾದಕತ್ವದಲ್ಲಿ 2004ರಲ್ಲಿ ಸಣ್ಣ ವಾರ್ತಾಪತ್ರವಾಗಿ ಹುಟ್ಟಿ ಮರುವರ್ಷ 'ಇಂಡಿಯನ್ ಬರ್ಡ್ಸ್' ಆದ ಪತ್ರಿಕೆ ಹೈದರಾಬಾದಿನ ನ್ಯೂ ಆರ್ನಿಸ್ ಫೌಂಡೇಶನ್ನಿನ ಪ್ರಕಟಣೆ. ದೇಶದ ಅಪರೂಪದ ಹಕ್ಕಿಗಳ ಹಳೆಯ ದಾಖಲೆಗಳನ್ನು ಒಂದೊಂದಾಗಿ ಒರೆಗೆ ಹಚ್ಚುವ ಲೇಖನಮಾಲೆಯನ್ನು ಜೆ. ಪ್ರವೀಣ್, ರಾಜಾ ಜಯಪಾಲ್ ಮತ್ತು ಪಿಟ್ಟಿ 2013ರಲ್ಲಿ ಅದರಲ್ಲಿ ಆರಂಭಿಸಿದಾಗ ಮೊದಲ ಕಂತಿಗೆ ಆಯ್ದುಕೊಂಡದ್ದು ಕಡಲಹಕ್ಕಿಗಳನ್ನೇ. ಇದು ಆಕಸ್ಮಿಕವಲ್ಲ. ದಡಕ್ಕೆ ಬಿದ್ದ ಒಂದು ಒಣ ದೇಹ, ನೂರು ವರ್ಷದ ಹಿಂದಿನ ಒಂದು ಸಾಲಿನ ಉಲ್ಲೇಖ, ಹಡಗಿನ ಮೇಲಿಂದ ಕಂಡದ್ದೆಂಬ ಒಬ್ಬರ ಮಾತು — ಇಂಥವುಗಳ ಮೇಲೆ ಅತಿ ಹೆಚ್ಚು ನಿಂತಿದ್ದದ್ದು ಈ ವರ್ಗದ ಹಕ್ಕಿಗಳ ಪಟ್ಟಿಯೇ. ಅದೇ ಮೂವರು 2016ರಲ್ಲಿ ಅದೇ ಪತ್ರಿಕೆಯಲ್ಲಿ ಪ್ರಕಟಿಸಿದ ಭಾರತದ ಪಕ್ಷಿಪಟ್ಟಿ 1,263 ಜಾತಿಗಳನ್ನು ಒಪ್ಪಿಕೊಂಡಿತು.

ಎರಡನೆಯದು ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಎಲ್ಲರ ಬಾಯಲ್ಲಿ ಇನ್‌ಕಾಯ್ಸ್. 1999ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಇಂದು ಭೂವಿಜ್ಞಾನ ಸಚಿವಾಲಯದ ಅಡಿಯಲ್ಲಿದೆ. ಸುನಾಮಿ ಮುನ್ನೆಚ್ಚರಿಕೆ ಕೇಂದ್ರವೂ 2007ರಿಂದ ಇಲ್ಲಿಯೇ ಇದೆ. ಮಲ್ಪೆಯ ತಾಂಡೇಲನಿಗೆ (ಬೋಟು ನಡೆಸುವವನಿಗೆ) ಈ ಸಂಸ್ಥೆ ಗೊತ್ತಿರುವುದು ಮಾತ್ರ ಮೀನಿನ ಸುದ್ದಿಯ ಮೂಲಕ. ಉಪಗ್ರಹಗಳು ಅಳೆದ ಕಡಲ ಮೇಲ್ಮೈಯ ಉಷ್ಣತೆ, ನೀರಿನ ಹಸಿರುದ್ರವ್ಯದ ಪ್ರಮಾಣ ಎರಡನ್ನೂ ನೋಡಿ, ಇಂಥ ದಿಕ್ಕಿಗೆ ಇಷ್ಟು ದೂರದಲ್ಲಿ ಇಷ್ಟು ಆಳದಲ್ಲಿ ಮೀನು ಸಿಗುವ ಸಂಭವವಿದೆ ಎಂದು ಕನ್ನಡವೂ ಸೇರಿ ಕರಾವಳಿಯ ಭಾಷೆಗಳಲ್ಲಿ ಸೂಚನೆ ಕೊಡುತ್ತದೆ. ತಣ್ಣೀರು, ಬಿಸಿನೀರು ಸಂಧಿಸುವ ಗೆರೆಯಲ್ಲಿ ಜೀವಕಣ ಸೇರುತ್ತದೆ, ಅದನ್ನು ತಿನ್ನುವ ಸಣ್ಣ ಮೀನು ಸೇರುತ್ತದೆ, ಸಣ್ಣ ಮೀನಿನ ಹಿಂದೆ ದೊಡ್ಡದು. ಹಕ್ಕಿಯ ಹೊಟ್ಟೆಪಾಡೂ ಅದೇ ಗೆರೆಯ ಮೇಲೆ. ಹಾಗಾಗಿ ಮೀನಿಗೆಂದು ಮಾಡಿದ ಈ ಸೂಚನೆ ಹಕ್ಕಿ ಹುಡುಕುವವನಿಗೂ ಬಿಟ್ಟಿ ನಕ್ಷೆ. ಅಲೆಯ ಎತ್ತರ, ಅದರ ದಿಕ್ಕು, ಗಾಳಿಯ ವೇಗಗಳ ಮುನ್ಸೂಚನೆಯಂತೂ ಯಾನ ಹೊರಡಬೇಕೇ ಬೇಡವೇ ಎಂಬುದನ್ನೇ ತೀರ್ಮಾನಿಸುತ್ತದೆ. ಅಲೆ ಎರಡು ಮೀಟರ್ ದಾಟುವ ಸೂಚನೆಯಿದ್ದರೆ ಸಣ್ಣ ಬೋಟನ್ನು ಹೊರಡಿಸದಿರುವುದೇ ಜಾಣತನ. ಅಲೆಯ ಕಣಿವೆಯಲ್ಲಿ ಹಾರುವ ಹಕ್ಕಿ ಕಾಣುವುದೂ ಇಲ್ಲ.

ಯಾಕೆ ಅರಬ್ಬಿ ಸಮುದ್ರ

ಹೈದರಾಬಾದಿನವರಿಗೆ ಮಚಲಿಪಟ್ಟಣವೋ ವಿಶಾಖಪಟ್ಟಣವೋ ಹತ್ತಿರ. ಆದರೆ ಬಂಗಾಳ ಕೊಲ್ಲಿಗೆ ಗಂಗೆ, ಬ್ರಹ್ಮಪುತ್ರ, ಗೋದಾವರಿ, ಕೃಷ್ಣೆಯರು ಸುರಿಯುವ ಸಿಹಿನೀರು ಹಗುರವಾಗಿ ಮೇಲೆಯೇ ಹರಡಿಕೊಂಡು ಕೆಳಗಿನ ಪೋಷಕಾಂಶ ಮೇಲೇರದಂತೆ ತಡೆಯುತ್ತದೆ. ಅರಬ್ಬಿ ಸಮುದ್ರದ ಕತೆ ಬೇರೆ. ನೈಋತ್ಯ ಮಾರುತ ಬೀಸುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೊಮಾಲಿಯ, ಒಮಾನ್ ತೀರಗಳಲ್ಲೂ ನಮ್ಮ ನೈಋತ್ಯ ಕರಾವಳಿಯಲ್ಲೂ ತಳದ ತಣ್ಣೀರು ಮೇಲಕ್ಕೆ ಉಕ್ಕಿ ಬರುತ್ತದೆ. ನಮ್ಮ ಬೂತಾಯಿ, ಬಂಗುಡೆಗಳ ಸುಗ್ಗಿಗೆ ಅದೇ ಮೂಲ, ದಕ್ಷಿಣ ಗೋಲಾರ್ಧದ ಹಕ್ಕಿಗಳು ಸಾವಿರಾರು ಮೈಲಿ ದಾಟಿ ಬರುವುದೂ ಅದಕ್ಕಾಗಿಯೇ. ಕಾಚಿಗುಡದಿಂದ ಮಂಗಳೂರಿನ ಕಡೆಗೆ ನೇರ ರೈಲಿರುವುದರಿಂದ ಹೈದರಾಬಾದಿನ ಹಕ್ಕಿಮರುಳರಿಗೆ ರಾತ್ರಿಯ ಪ್ರಯಾಣ ದೊಡ್ಡ ತೊಡಕೂ ಅಲ್ಲ.

ತೊಡಕಿರುವುದು ಪಂಚಾಂಗದಲ್ಲಿ. ಹಕ್ಕಿಗಳು ಹೆಚ್ಚಾಗಿ ಬರುವುದು ಮಳೆಗಾಲದಲ್ಲಿ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ನಿಷೇಧವಿರುವುದೂ ಆಗಲೇ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ. (ಪೂರ್ವ ಕರಾವಳಿಯಲ್ಲಿ ಈ ಅವಧಿ ಏಪ್ರಿಲ್ 15ರಿಂದ ಜೂನ್ 14.) ಮೀನು ಮರಿ ಮಾಡುವ ಕಾಲ ಎಂಬುದು ನಿಷೇಧದ ಕಾರಣ. ಅದಿಲ್ಲದಿದ್ದರೂ ಅಳಿವೆ ಬಾಗಿಲಲ್ಲಿ ಆಗ ಏಳುವ ತೆರೆಗಳನ್ನು ನೋಡಿದವರು ಬೋಟು ಕೇಳಲಾರರು. ಹೀಗಾಗಿ ಯಾನಕ್ಕೆ ಸಿಗುವುದು ಮಳೆಗಾಲದ ಎರಡು ಅಂಚುಗಳು: ಏಪ್ರಿಲ್‌–ಮೇ, ಮತ್ತು ನಿಷೇಧ ಮುಗಿದ ಮೇಲೆ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ. ಎರಡನೆಯದೇ ಉತ್ತಮ. ಆದರೆ ಬೋಟಿನವರಿಗೂ ಅದೇ ದುಡಿಮೆಯ ಹೊತ್ತು. ಬಲೆ ಹಾಕಿದರೆ ಲಕ್ಷ ಬರಬಹುದಾದ ದಿನ ಹಕ್ಕಿ ತೋರಿಸಲು ಬರುವವರು ಕಡಿಮೆ. ಬಾಡಿಗೆ ಏರುವುದು ಈ ಲೆಕ್ಕದಲ್ಲಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕಡಲು ಸಮಾಧಾನದಿಂದಿರುತ್ತದೆ, ಹಕ್ಕಿಯ ಬಗೆ ಬದಲಾಗುತ್ತದೆ.

ದೂರದ ಲೆಕ್ಕವೂ ಹೀಗೆಯೇ ಕಟ್ಟುನಿಟ್ಟು. ಟ್ರಾಲ್ ಬೋಟಿನ ವೇಗ ಗಂಟೆಗೆ ಏಳೆಂಟು ನಾಟಿಕಲ್ ಮೈಲು, ಅಂದರೆ ಹದಿಮೂರು–ಹದಿನೈದು ಕಿಲೋಮೀಟರ್. ನಾಲ್ಕು ಗಂಟೆ ನೇರ ಪಶ್ಚಿಮಕ್ಕೆ ಹೋದರೆ 50–60 ಕಿಲೋಮೀಟರ್ ಆಯಿತು. ಅಷ್ಟೇ ಹೊತ್ತು ಮರಳುವುದಕ್ಕೆ ಬೇಕು. ಖಂಡದ ಅಂಚು ಮುಂಬಯಿಯ ಎದುರು ಸುಮಾರು 300 ಕಿಲೋಮೀಟರ್ ದೂರ. ದಕ್ಷಿಣಕ್ಕೆ ಬಂದಂತೆ ಕಿರಿದಾಗುತ್ತದಾದರೂ ಮಲ್ಪೆಯಿಂದ ಒಂದು ಹಗಲಲ್ಲಿ ಅದನ್ನು ಮುಟ್ಟಿ ಬರುವುದು ಕಷ್ಟ. ಕಡಲ ತಳ ಸಟ್ಟನೆ ಪಾತಾಳಕ್ಕಿಳಿಯುವ ಆ ಅಂಚಿನಲ್ಲೇ ಹಕ್ಕಿಗಳ ಸಂತೆ. ಮಾಂಟೆರೆಯ ಭಾಗ್ಯವೆಂದರೆ ಆಳವಾದ ಕಣಿವೆ ದಡದ ಬುಡಕ್ಕೇ ಬಂದು ನಿಂತಿರುವುದು.

ಒಂದು ಹಗಲಿನಲ್ಲಿ ಕಾಣುವುದು

ಬಂದರಿನ ದಕ್ಕೆ ಬಿಡುವಾಗ ಸುತ್ತ ಇರುವುದು ಗರುಡ, ಹದ್ದು, ಕಾಗೆ. ಬಲೆ ಕೊಡವಿದ ಕಸದ ಮೇಲೆ ಅವುಗಳದೇ ರಾಜ್ಯ. ಮಲ್ಪೆಯಿಂದ ಹೊರಟರೆ ಕಂಬಕಂಬವಾಗಿ ನಿಂತ ಲಾವಾಶಿಲೆಯ ಸೇಂಟ್ ಮೇರೀಸ್ ದ್ವೀಪಗಳವರೆಗೂ ಅವುಗಳ ಜೊತೆಯಿರುತ್ತದೆ. ಮುರುಡೇಶ್ವರದ ಎದುರಿನ ನೇತ್ರಾಣಿಯ ಕಡೆಗೆ ಹೋದವರಿಗೆ ಬಿಳಿಹೊಟ್ಟೆಯ ಕಡಲ ಹದ್ದು ಸಿಗುತ್ತದೆ. ದಡದಿಂದ ಸುಮಾರು 19 ಕಿಲೋಮೀಟರ್ ದೂರದ ಈ ದ್ವೀಪ ಆ ಹದ್ದಿನ ಹಳೆಯ ಗೂಡುತಾಣ, ನೌಕಾಪಡೆ ಗುಂಡು ಹಾರಿಸುವ ಅಭ್ಯಾಸಕ್ಕೆ ಬಳಸುತ್ತಿದ್ದ ಜಾಗವೂ ಹೌದು. ನೀರಿನ ಬಣ್ಣ ಕೆಸರು ಹಸಿರಿನಿಂದ ನೀಲಿಗೆ ತಿರುಗುವ ಹೊತ್ತಿಗೆ ಹದ್ದುಗಳೆಲ್ಲ ಹಿಂದುಳಿಯುತ್ತವೆ. ಆಮೇಲೆ ಅರ್ಧ ಗಂಟೆ, ಒಂದು ಗಂಟೆ ಏನೂ ಇಲ್ಲ. ಮೊದಲ ಸಲ ಬಂದವರ ಉತ್ಸಾಹ ಇಳಿಯುವುದೂ ಹೊಟ್ಟೆ ತೊಳಸುವುದೂ ಒಟ್ಟಿಗೆ.

ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಈ ಖಾಲಿತನವನ್ನು ಮೊದಲು ಮುರಿಯುವುದು ಸಾಮಾನ್ಯವಾಗಿ ಹುಬ್ಬಿನ ರೀವ. ತೇಲುವ ಮರದ ತುಂಡು, ಥರ್ಮೋಕೋಲ್, ಬಲೆಯ ಬುರುಡೆ ಯಾವುದು ಸಿಕ್ಕರೂ ಅದರ ಮೇಲೆ ಕೂತಿರುತ್ತದೆ. ಸಿಂಧುದುರ್ಗ ಜಿಲ್ಲೆಯ ವೆಂಗುರ್ಲಾ ಬಂಡೆಗಳಲ್ಲಿ ಮರಿ ಮಾಡುವ ಈ ಹಕ್ಕಿಯ ಬಳಗ ಮಳೆಗಾಲದ ಕೊನೆಯಲ್ಲಿ ನಮ್ಮ ಕಡಲಲ್ಲಿ ದೊಡ್ಡ ಸಂಖ್ಯೆಯಲ್ಲಿ ಸಾಗುತ್ತದೆ. ಇದನ್ನು ಕರಿ ರೀವದಿಂದ ಬೇರ್ಪಡಿಸುವುದು ಹೊಸಬರಿಗೆ ಮೊದಲ ಪರೀಕ್ಷೆ: ಹುಬ್ಬಿನ ರೀವದ ಬೆನ್ನು ಬೂದುಗಂದು, ಹಣೆಯ ಬಿಳುಪು ಕಣ್ಣನ್ನು ದಾಟಿ ಹಿಂದಕ್ಕೆ ಗೆರೆಯಾಗಿ ಹೋಗುತ್ತದೆ, ಕರಿ ರೀವದ ಬೆನ್ನು ಕಪ್ಪು, ಬಿಳುಪು ಕಣ್ಣಿಗೇ ನಿಲ್ಲುತ್ತದೆ.

ರೀವಗಳಾದ ಮೇಲೆ ಶಿಯರ್‌ವಾಟರ್ ಎಂಬ ಕಡಲಹಕ್ಕಿಗಳು. ಇವು ರೆಕ್ಕೆ ಬಡಿಯುವುದು ಕಡಿಮೆ. ನೀರಿಗೆ ತಾಗಿದಂತೆ ಒಂದು ರೆಕ್ಕೆಯ ತುದಿ ಕೆಳಗೆ, ಇನ್ನೊಂದು ಆಕಾಶಕ್ಕೆ. ಅಲೆಯ ತಗ್ಗಿನಲ್ಲಿ ಗಾಳಿ ಮಂದ, ಮೇಲೆ ಜೋರು, ಈ ಎರಡರ ಅಂತರವನ್ನೇ ಬಂಡವಾಳ ಮಾಡಿಕೊಂಡು ಗಂಟೆಗಟ್ಟಲೆ ಹೋಗುತ್ತವೆ. ಗುಲಾಬಿ ಕಾಲಿನ ಶಿಯರ್‌ವಾಟರ್ ಆಸ್ಟ್ರೇಲಿಯ, ನ್ಯೂಜಿಲೆಂಡ್ ಕಡೆಯ ದ್ವೀಪಗಳಲ್ಲೂ ಹಿಂದೂ ಮಹಾಸಾಗರದ ಸೇಂಟ್ ಪಾಲ್ ದ್ವೀಪದಲ್ಲೂ ಗೂಡು ಕಟ್ಟಿ, ಅಲ್ಲಿಯ ಚಳಿಗಾಲದಲ್ಲಿ ಇತ್ತ ಬರುತ್ತದೆ. ತುದಿ ಕಪ್ಪಾದ ನಸುಗುಲಾಬಿ ಕೊಕ್ಕು ಅದರ ಗುರುತು. ಬೆಣೆಬಾಲದ ಶಿಯರ್‌ವಾಟರ್‌ಗೆ ಕೊಕ್ಕು ಮಬ್ಬು, ಬಾಲ ಉದ್ದ. ಮೇಲೆ ಕಂದು, ಕೆಳಗೆ ಬಿಳಿಯಾದ ಪುಟ್ಟ ಪರ್ಷಿಯನ್ ಶಿಯರ್‌ವಾಟರ್ ಬೇಗ ಬೇಗ ರೆಕ್ಕೆ ಬಡಿದು ಸರಿಯುತ್ತದೆ. ಮೈಯೆಲ್ಲ ಕಪ್ಪಾದ ಜೌಆನಿನ್ ಪೆಟ್ರೆಲ್ ವಿಜ್ಞಾನಕ್ಕೆ ಗೊತ್ತಾದದ್ದೇ 1955ರಲ್ಲಿ; ಸೊಕೊತ್ರಾ ದ್ವೀಪದಲ್ಲಿ ಅದರ ಗೂಡುತಾಣ ಸಿಕ್ಕಿದ್ದು ಅದಾಗಿ ಸುಮಾರು ಅರ್ಧ ಶತಮಾನ ಕಳೆದ ಮೇಲೆ.

ಬೋಟಿನವರು ಕೂಡ ಕೆಲಸ ಬಿಟ್ಟು ನೋಡುವ ಹಕ್ಕಿ ವಿಲ್ಸನ್‌ನ ಸ್ಟಾರ್ಮ್‌ಪೆಟ್ರೆಲ್. ಗುಬ್ಬಿಗಿಂತ ತುಸು ದೊಡ್ಡದು, ತೂಕ 40 ಗ್ರಾಮಿನ ಆಸುಪಾಸು, ಹುಟ್ಟೂರು ಅಂಟಾರ್ಕ್‌ಟಿಕ ಮತ್ತು ಅದರ ಸುತ್ತಣ ದ್ವೀಪಗಳು. ಮಸಿಗಪ್ಪು ಮೈಗೆ ಸೊಂಟದ ಸುತ್ತ ಬಿಳಿ ಪಟ್ಟಿ. ಹಾರುವಾಗ ಕಾಲು ಬಾಲದಾಚೆ ಚಾಚಿರುತ್ತದೆ. ಬೋಟು ನಿಲ್ಲಿಸಿ, ಮೀನಿನ ಕರುಳು, ಈಲಿ ಎಲ್ಲವನ್ನೂ ಮೀನೆಣ್ಣೆಯಲ್ಲಿ ಕಲಸಿ ನೀರಿಗೆ ಬಿಟ್ಟರೆ ಎಣ್ಣೆಯ ಪದರ ಹರಡಿ ಅಲೆ ನುಣ್ಣಗಾಗುತ್ತದೆ. ಹತ್ತು ನಿಮಿಷ ಕಾದರೆ, ಏನೂ ಇರದಿದ್ದ ಕಡೆ ಗಾಳಿಗೆ ಎದುರಾಗಿ ಒಂದು, ಮತ್ತೆ ಮೂರು. ರೆಕ್ಕೆ ಎತ್ತಿ ಹಿಡಿದು, ಕುಂಟೆಬಿಲ್ಲೆ ಆಡುವ ಮಗುವಿನಂತೆ ನೀರಿನ ಮೇಲೆ ಕಾಲು ತಟ್ಟುತ್ತ ತಟ್ಟುತ್ತ ಮುಂದುವರಿಯುತ್ತವೆ. ಬೆರಳ ನಡುವಣ ಜಾಲಪೊರೆಯ ಹಳದಿ ಕಾಣಬೇಕಾದರೆ ಈ ಹೊತ್ತೇ ಬೇಕು. ಇವು ಬಂದದ್ದು ಕಣ್ಣಿನ ನೆರವಿನಿಂದಲ್ಲ. ಈ ಗಣದ ಹಕ್ಕಿಗಳ ಕೊಕ್ಕಿನ ಮೇಲೆ ಮೂಗಿನ ಕೊಳವೆಯಿದೆ, ವಾಸನೆಯ ಶಕ್ತಿ ತೀಕ್ಷ್ಣ. ತೇಲುವ ಸೂಕ್ಷ್ಮಸಸ್ಯಗಳನ್ನು ಸೀಗಡಿಯಂಥ ಜೀವಿಗಳು ಮೇಯುವಾಗ ಬಿಡುಗಡೆಯಾಗುವ ಡೈಮೀಥೈಲ್ ಸಲ್ಫೈಡ್ ಎಂಬ ಅನಿಲದ ಜಾಡು ಹಿಡಿದು ಕೆಲವು ಪೆಟ್ರೆಲ್‌ಗಳು ಬರುತ್ತವೆಂದು ಗೇಬ್ರಿಯೆಲ್ ನೆವಿಟ್ ಮತ್ತು ಜೊತೆಗಾರರು 1995ರಲ್ಲಿ ತೋರಿಸಿಕೊಟ್ಟರು. ಸೊಂಟದಲ್ಲಿ ಬಿಳುಪಿಲ್ಲದ, ಪೂರ್ವ ಏಷ್ಯದ ದ್ವೀಪಗಳಿಂದ ಬರುವ ಸ್ವಿನ್‌ಹೋ ಸ್ಟಾರ್ಮ್‌ಪೆಟ್ರೆಲ್ ಒಮ್ಮೊಮ್ಮೆ ಇದೇ ಗುಂಪಿನಲ್ಲಿ ನುಸುಳಿರುತ್ತದೆ.

ಚಳಿಗಾಲದಲ್ಲಿ ಬೋಟು ಹತ್ತಿದವರಿಗೆ ಉತ್ತರ ಧ್ರುವದ ನೆಂಟರು. ಪೊಮರೈನ್ ಸ್ಕುವಾ ರೀವಗಳ ಬೆನ್ನು ಹತ್ತಿ, ಅವು ನುಂಗಿದ ಮೀನನ್ನು ಕಕ್ಕುವವರೆಗೂ ಬಿಡುವುದಿಲ್ಲ. ಕಕ್ಕಿದ್ದನ್ನು ನೀರಿಗೆ ಬೀಳುವ ಮೊದಲೇ ಹಿಡಿಯುತ್ತದೆ. ಕೆಂಗೊರಳಿನ ಫಲರೋಪ್ ಎಂಬ ಗಿಣಿಗಿಂತ ಚಿಕ್ಕ ನೀರುಹಕ್ಕಿಗಳು ದಂಡುದಂಡಾಗಿ ತೇಲುತ್ತಿರುತ್ತವೆ. ಬೂಬಿ, ಫ್ರಿಗೇಟ್, ಉಷ್ಣವಲಯದ ಬಾಣಬಾಲದ ಹಕ್ಕಿಗಳು ಅದೃಷ್ಟದ ಮಾತು. ಡಾಲ್ಫಿನ್, ಹಾರುವ ಮೀನುಗಳಿಗೆ ಬಾಡಿಗೆಯಲ್ಲಿ ಪ್ರತ್ಯೇಕ ಪಾಲಿಲ್ಲ.

ದಡದಿಂದ ನಡುಗಡಲಿಗೆ

ಎ.ಒ. ಹ್ಯೂಮ್ 1875ರಲ್ಲಿ ಹಡಗಿನಲ್ಲಿ ಲಕ್ಷದ್ವೀಪವನ್ನೂ ಪಶ್ಚಿಮ ಕರಾವಳಿಯನ್ನೂ ಸುತ್ತಿ ಬಂದು, ಮರುವರ್ಷ ತಮ್ಮ 'ಸ್ಟ್ರೇ ಫೆದರ್ಸ್' ಪತ್ರಿಕೆಯಲ್ಲಿ ದೀರ್ಘ ವರದಿ ಬರೆದರು. ಅವರು ಮುಂದಾಗಿ ನಿಂತ ಕಾಂಗ್ರೆಸ್ ಸ್ಥಾಪನೆಗೂ ಹತ್ತು ವರ್ಷ ಮೊದಲಿನ ಮಾತಿದು. ಶಾಲೆಯ ಪಾಠದಲ್ಲಿ ಅವರ ಈ ಮುಖ ಬರುವುದಿಲ್ಲ. ಆಮೇಲೆ ಬಹುಕಾಲ ನಮ್ಮ ಕಡಲಹಕ್ಕಿಯ ಜ್ಞಾನವೆಂದರೆ ಮಳೆಗಾಲದ ಬಿರುಗಾಳಿಗೆ ದಡಕ್ಕೆ ಬಿದ್ದ ಹಕ್ಕಿಗಳ ಜ್ಞಾನವೇ. ಹಡಗುಗಳ ನಾವಿಕರು ಬರೆದಿಟ್ಟ ಟಿಪ್ಪಣಿಗಳು, 1946ರಲ್ಲಿ ಹುಟ್ಟಿದ ಬ್ರಿಟನ್ನಿನ ನೌಕಾಪಡೆಯ ಪಕ್ಷಿವೀಕ್ಷಕರ ಸಂಘದ ವರದಿಗಳು, ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಅಭಿಯಾನದ ಭಾಗವಾಗಿ 1963–64ರಲ್ಲಿ 'ಡಿಸ್ಕವರಿ' ಹಡಗಿನಿಂದ ಆರ್.ಎಸ್. ಬೈಲಿ ಮಾಡಿದ ಎಣಿಕೆ ಇವು ಹೆಚ್ಚಾಗಿ ಅರಬ್ಬಿ ಸಮುದ್ರದ ಪಶ್ಚಿಮದ ಅಂಚಿನವು. ನಮ್ಮ ದಡದ ಎದುರಿನ ಐವತ್ತು ಕಿಲೋಮೀಟರ್ ನೀರು ಖಾಲಿ ಜಾಗವಾಗಿಯೇ ಉಳಿಯಿತು. ಸಾಲಿಂ ಅಲಿ ಮತ್ತು ಡಿಲ್ಲನ್ ರಿಪ್ಲಿಯವರ ಹತ್ತು ಸಂಪುಟಗಳ ಕೈಪಿಡಿ 1968–74ರಲ್ಲಿ ಬಂದಾಗಲೂ ಎಷ್ಟೋ ಪೆಟ್ರೆಲ್‌ಗಳಿಗೆ ದಕ್ಕಿದ್ದು ಕೆಲವೇ ಸಾಲು.

ಬದಲಾವಣೆ ಬಂದದ್ದು ಡಿಜಿಟಲ್ ಕ್ಯಾಮೆರಾದಿಂದ. ಕುಣಿಯುವ ಬೋಟಿನ ಮೇಲೆ ದೂರದರ್ಶಕ ನಿಲ್ಲದು, ದುರ್ಬೀನಿಗೂ ಎಂಟು ಪಟ್ಟಿಗಿಂತ ಹೆಚ್ಚಿನ ಶಕ್ತಿ ಉಪದ್ರವವೇ. ಮೂರು ಸೆಕೆಂಡು ಕಂಡು ಅಲೆಯ ಹಿಂದೆ ಮರೆಯಾಗುವ ಕಪ್ಪು ಹಕ್ಕಿಯ ಬಗ್ಗೆ ಮೊದಲು ವಾದವೇ ಉಳಿಯುತ್ತಿತ್ತು. ಈಗ ಚಿತ್ರ ಉಳಿಯುತ್ತದೆ. ಮನೆಗೆ ಬಂದು ಕೊಕ್ಕು, ಬಾಲ, ರೆಕ್ಕೆಯ ಗರಿಗಳನ್ನು ದೊಡ್ಡದು ಮಾಡಿ ನೋಡಬಹುದು, ಬೇರೆ ದೇಶದ ತಿಳಿದವರಿಗೆ ಕಳಿಸಬಹುದು. ಕೇರಳದ ತೀರದಲ್ಲಿ ಕಂಡ ದಕ್ಷಿಣ ಧ್ರುವದ ಸ್ಕುವಾಗಳ ಗುರುತು ಗಟ್ಟಿಯಾದದ್ದು ಇಂಥ ಚಿತ್ರಗಳಿಂದಲೇ. ಗುಲಾಬಿ ಕಾಲಿನ ಶಿಯರ್‌ವಾಟರ್, ಪರ್ಷಿಯನ್ ಶಿಯರ್‌ವಾಟರ್, ಪೊಮರೈನ್ ಸ್ಕುವಾಗಳು ನಮ್ಮ ಕಡಲಿಗೆ ವರ್ಷವರ್ಷವೂ ಬರುವ ಹಕ್ಕಿಗಳೆಂಬುದು ಕೆಲವೇ ಯಾನಗಳಲ್ಲಿ ಸ್ಪಷ್ಟವಾಯಿತು. ಇಬರ್ಡ್ ಜಾಲತಾಣಕ್ಕೆ ಕಡಲಯಾನದ ಪಟ್ಟಿ ಕೊಡುವಾಗ ಗಂಟೆಗೊಂದು ಹೊಸ ಪಟ್ಟಿ ತೆರೆಯಬೇಕೆಂಬ ನಿಯಮವಿದೆ. ಇಡೀ ದಿನಕ್ಕೆ ಒಂದೇ ಪಟ್ಟಿ ಮಾಡಿದರೆ ಯಾವ ಆಳದಲ್ಲಿ ಏನಿತ್ತು ಎಂಬುದು ಕೈಬಿಟ್ಟುಹೋಗುತ್ತದೆ.

ಹೊರಡುವವರಿಗೆ

2008ರ ಮುಂಬಯಿ ದಾಳಿಗೆ ಬಂದವರು ಮೀನುಗಾರಿಕೆಯ ಬೋಟನ್ನೇ ಬಳಸಿದ್ದರಿಂದ ಕರಾವಳಿಯಲ್ಲಿ ಅಪರಿಚಿತರನ್ನು ಕೂರಿಸಿಕೊಂಡು ಹೋಗುವ ಬೋಟಿನ ಮೇಲೆ ಕಣ್ಣಿದೆ. ಮೀನುಗಾರಿಕೆ ಇಲಾಖೆಗೂ ಕರಾವಳಿ ಕಾವಲು ಪೊಲೀಸರಿಗೂ (ಕರ್ನಾಟಕದಲ್ಲಿ ಇವರ ಮುಖ್ಯ ಕಚೇರಿ ಮಲ್ಪೆಯಲ್ಲೇ ಇದೆ) ಹೆಸರು, ಗುರುತಿನ ಚೀಟಿಯ ಪ್ರತಿ ಕೊಟ್ಟು ಒಪ್ಪಿಗೆ ಪಡೆಯುವುದು, ತಲೆಗೊಂದು ಲೈಫ್ ಜಾಕೆಟ್, ವೈರ್‌ಲೆಸ್ ಸರಿಯಿರುವ ಬೋಟು ಇಷ್ಟನ್ನು ಬಿಟ್ಟುಕೊಡಬಾರದು. ಕಾರವಾರದ ನೌಕಾನೆಲೆಯ ಸುತ್ತ ಕ್ಯಾಮೆರಾ ತೆರೆಯುವ ಯೋಚನೆಯೇ ಬೇಡ. ತಲೆಸುತ್ತಿಗೆ ಮಾತ್ರೆ ನುಂಗುವುದು ಬೋಟು ಹತ್ತುವ ಮೊದಲು. ವಾಂತಿ ಆರಂಭವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲದು. ಖಾಲಿ ಹೊಟ್ಟೆಯೂ ಸಲ್ಲ, ಎಣ್ಣೆಯ ತಿಂಡಿಯೂ ಸಲ್ಲ. ಡೀಸೆಲ್ ಹೊಗೆ ತಾಗದ ಕಡೆ ನಿಂತು ದಿಗಂತ ನೋಡುತ್ತಿರಬೇಕು. ಹಕ್ಕಿ ಕಂಡಾಗ "ಅಗೋ ಅಲ್ಲಿ" ಎಂದರೆ ಯಾರಿಗೂ ಸಿಗುವುದಿಲ್ಲ. ಬೋಟಿನ ಮೂತಿಯನ್ನು ಗಡಿಯಾರದ ಹನ್ನೆರಡು ಎಂದಿಟ್ಟುಕೊಂಡು ಎರಡು ಗಂಟೆ, ಒಂಬತ್ತು ಗಂಟೆ ಎಂದು ಕೂಗುವುದು ಎಲ್ಲೆಡೆಯ ರೂಢಿ. ತಾಂಡೇಲನಿಗೆ ಉದ್ದೇಶ ಹೇಳಿಡುವುದು ಎಲ್ಲಕ್ಕಿಂತ ಲಾಭದಾಯಕ. ರೀವಗಳು ಕವಿದು ಬೀಳುವ ಕಡೆ ಮೀನಿದೆಯೆಂದು ಆತ ಹಕ್ಕಿಯನ್ನು ದಿನವೂ ನೋಡುವವನು; ಎಷ್ಟು ಮಾರು ಆಳದಲ್ಲಿ ಯಾವುದು ಹಾರುತ್ತದೆಂದು ಬೋಟಿನಲ್ಲಿರುವ ಎಲ್ಲರಿಗಿಂತ ಅವನಿಗೆ ಚೆನ್ನಾಗಿ ಗೊತ್ತು.

ಬೋಟು ಹತ್ತಲಾರದವರಿಗೂ ಜೂನ್‌ನಿಂದ ಆಗಸ್ಟ್‌ವರೆಗೆ ಕೆಲಸವಿದೆ. ಗಾಳಿಮಳೆಯ ಮರುದಿನ ಮಂಗಳೂರು, ಉಡುಪಿ, ಕಾಸರಗೋಡಿನ ಮರಳಿನ ಮೇಲೆ ಮುಖವಾಡದ ಬೂಬಿಯೋ ಕರಿ ರೀವವೋ ಸುಸ್ತಾಗಿ ಕುಳಿತಿರುತ್ತದೆ. ನೋಡಿದವರು ಕನಿಕರದಿಂದ ಮತ್ತೆ ನೀರಿಗೆ ಎಸೆಯುತ್ತಾರೆ. ಆಗ ಅದು ಬದುಕುವುದು ಕಷ್ಟ. ಹಳೆಯ ಬಟ್ಟೆ ಹೊದಿಸಿ, ಕೊಕ್ಕಿನಿಂದ ಕಣ್ಣು ಕಾಪಾಡಿಕೊಂಡು, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿಟ್ಟು, ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸಬೇಕು. ಬಾಯಿಗೆ ನೀರು ಹೊಯ್ಯಬಾರದು. ಸತ್ತದ್ದು ಸಿಕ್ಕರೂ ಕೊಕ್ಕು, ಪಾದ, ರೆಕ್ಕೆಯ ಕೆಳಮೈಗಳ ಚಿತ್ರವನ್ನು ಪಕ್ಕದಲ್ಲೊಂದು ಅಳತೆಪಟ್ಟಿಯಿಟ್ಟು ತೆಗೆದು, ದಿನ, ಜಾಗ ಬರೆದುಕೊಂಡರೆ ಅದೂ ದಾಖಲೆಗೆ ಸೇರುತ್ತದೆ.